ಯಾರೂ ಮುಟ್ಟದ ಹಲಗೆ

ಆ ಹಲಗೆಯನ್ನು ತಾನು ದಿನವೂ ಒರೆಸುತ್ತಿದ್ದೆ ಎಂದು ಹೆಂಡತಿ ಹೇಳಿದಾಗ ಅವನು ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿನಲ್ಲಿ ಕೂತಿದ್ದ. ಅವಳೇನೂ ಅದನ್ನು ದೊಡ್ಡ ಸುದ್ದಿಯ ಹಾಗೆ ಹೇಳಲಿಲ್ಲ. ಕನ್ನಡಿಯ ಮುಂದೆ ನಿಂತು, ತುಟಿಯ ನಡುವೆ ಎರಡು ಪಿನ್ನು ಕಚ್ಚಿಕೊಂಡು, ಔಷಧದಂಗಡಿಯ ಕೆಲಸಕ್ಕೆ ಹೊತ್ತಾಯಿತೆಂಬ ಅವಸರದಲ್ಲಿ ಕೂದಲು ಕಟ್ಟಿಕೊಳ್ಳುತ್ತ ಹೇಳಿದಳು. ಮಾತು ತೆಗೆದವನು ಅವನೇ. ಹನ್ನೊಂದು ಗಂಟೆಗೆ ಸಂಗೀತ ಶಾಲೆಯ ಗೋಡೆ ನೋಡಲು ಹೋಗಬೇಕಾಗಿತ್ತು. ಏಳು ವರ್ಷದ ಹಿಂದೆ ತಾನು ತೋರಿಸಿದ ಮಾದರಿ ಹಲಗೆ ಬೆಳ್ಳಿಯ ಹಾಗಿತ್ತಲ್ಲ, ಅದೇ ಮರ ಅಲ್ಲಿ ಯಾಕೆ ಹೀಗೆ ಮುಖಕ್ಕೆ ಮಸಿ ಬಳಿದುಕೊಂಡು ನಿಂತಿದೆಯೋ ಎಂದು ಗೊಣಗಿದ್ದ. ಬೆಳಗಿನ ಹೊತ್ತು ಗೊಣಗುವುದು ಅವನಿಗೆ, ಉಳಿದವರಿಗೆ ವ್ಯಾಯಾಮವಿದ್ದ ಹಾಗೆ.

"ಬಾಲ್ಕನಿ ಗೋಡೆ ಮೇಲೆ ಇಟ್ಟಿದ್ರಲ್ಲ, ಅದಾ? ಅದನ್ನ ನಾನು ದಿನಾ ಒರೆಸ್ತಿದ್ನಲ್ಲ."

"ಏನು ಒರೆಸ್ತಿದ್ದೆ?"

"ಹಲಗೆನ. ಗೋಡೆ ಒರೆಸೋವಾಗ ಅದಕ್ಕೂ ಒಂದು ಕೈ ಹಾಕ್ತಿದ್ದೆ. ಒದ್ದೆ ಬಟ್ಟೆಲಿ. ಧೂಳು ಹಿಡ್ಕೊಂಡು ಕೂತಿರೋದು, ನೋಡಕ್ಕಾಗ್ತಿರಲಿಲ್ಲ."

"ದಿನಾ?"

"ಭಾನುವಾರ ಬಿಟ್ಟು."

ಅವನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವನ ಬಾಯಿಗೆ ಮೊದಲು ಬರುವುದು ಪ್ರಶ್ನೆ. "ನಿನಗೆ ಯಾರು ಒರೆಸು ಅಂದ್ರು?" ಎಂದ. ಅವಳು ಪಿನ್ನು ತಲೆಗೆ ಸಿಕ್ಕಿಸಿ, ತಿರುಗಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಯಾರೂ ಅನ್ನಲಿಲ್ಲ. ನಿಮ್ಮ ಕನ್ನಡಕನೂ ಯಾರೂ ಒರೆಸು ಅಂದಿಲ್ಲ. ಮೂವತ್ತು ವರ್ಷದಿಂದ ಒರೆಸ್ತಾ ಇದ್ದೀನಿ. ಅದೇನು, ತಾನಾಗೇ ಹೊಳೀತಾ ಇದೆ ಅಂದ್ಕೊಂಡ್ರಾ?" ಅಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಹೋದಳು. ಕನ್ನಡಕ ತನ್ನ ಮೂಗಿನ ಮೇಲಿದೆ ಎಂಬುದು ಅವನಿಗೆ ಆಗಲೇ ಅರಿವಿಗೆ ಬಂದದ್ದು. ಹೌದು, ಅದು ತಾನಾಗೇ ಹೊಳೆಯುತ್ತದೆ ಎಂದುಕೊಂಡಿದ್ದ. ಅಂಗಡಿಯವನು ಆಗ ಒಳ್ಳೆಯ ಗಾಜು ಕೊಟ್ಟಿದ್ದಾನೆ ಎಂದು ನಾಲ್ಕು ಜನರ ಹತ್ತಿರ ಹೊಗಳಿಯೂ ಇದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸಿಗದಿದ್ದರೆ ಚೆನ್ನಾಗಿತ್ತು, ನಿಂತಿದ್ದರೆ ಕಂಬಿ ಹಿಡಿಯುವ ಗಡಿಬಿಡಿಯಲ್ಲಿ ಯೋಚನೆಗೆ ಎಡೆ ಇರುವುದಿಲ್ಲ. ಹದಿನಾಲ್ಕು ತಿಂಗಳು ಆ ಹಲಗೆಯನ್ನು ಬಿಸಿಲಿಗೂ ಮಳೆಗೂ ಒಡ್ಡಿ ಇಟ್ಟಿದ್ದ. ಮರವನ್ನು ಕಟ್ಟಡದ ಹೊರಮೈಗೆ ಹಾಕೋಣವೆಂದರೆ ಎಲ್ಲರೂ ಹೆದರುತ್ತಾರೆ: ಎಣ್ಣೆ ಹಚ್ಚಬೇಕಂತೆ, ಬಣ್ಣ ಬಳಿಯಬೇಕಂತೆ, ಎರಡು ವರ್ಷಕ್ಕೊಮ್ಮೆ ಸಾರುವೆ ಕಟ್ಟಿ ಮೇಲೆ ಹತ್ತಬೇಕಂತೆ. ಅವನು ಮಾತ್ರ ಎದೆ ತಟ್ಟಿ ಹೇಳುತ್ತಿದ್ದ. ಒಳ್ಳೆಯ ಮರ ಆರಿಸಿ, ನೀರು ನಿಲ್ಲದ ಹಾಗೆ ಜೋಡಿಸಿ, ತುಕ್ಕು ಹಿಡಿಯದ ಸ್ಕ್ರೂ ಹಾಕಿ, ಆಮೇಲೆ ಕೈ ಕಟ್ಟಿಕೊಂಡು ಕೂತುಬಿಡಿ. ಮರ ತನ್ನ ಪಾಡಿಗೆ ತಾನು ನರೆಯುತ್ತದೆ, ಮರ್ಯಾದಸ್ಥರ ತಲೆ ನರೆಯುವ ಹಾಗೆ. ಕಟ್ಟಡದ ನಕ್ಷೆ ಮಾಡುವ ಆ ಕಚೇರಿಯಲ್ಲಿ ಅವನ ಕೆಲಸ ನಕ್ಷೆ ಬರೆಯುವುದಲ್ಲ. ಯಾವ ಮರ, ಎಷ್ಟು ದಪ್ಪ, ಹಲಗೆಗೂ ಹಲಗೆಗೂ ಎಷ್ಟು ಸಂದು, ನೆಲದಿಂದ ಎಷ್ಟು ಮೇಲೆ ಎಂದು ಕಲಂ ಹಾಕಿ ಬರೆದುಕೊಡುವುದು. ಅದಕ್ಕೇ ಹುಡುಗರೆಲ್ಲ ಅವನನ್ನು ಹಲಗೆ ಮೇಷ್ಟ್ರು ಎನ್ನುತ್ತಿದ್ದರು, ಮೊದಮೊದಲು ಬೆನ್ನ ಹಿಂದೆ, ಈಗ ಎದುರಿಗೇ. ಸಂಗೀತ ಶಾಲೆಯ ಆಡಳಿತ ಮಂಡಳಿಯ ಮುಂದೆ ಹಲಗೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಹೋಗಿ, ಕೂಸಿನ ಮುಖ ತೋರಿಸುವವನ ಹಾಗೆ ನಿಧಾನಕ್ಕೆ ಬಿಚ್ಚಿದ್ದ. ಒಂದು ಕಲೆಯಿಲ್ಲ, ಒಂದು ಗೆರೆಯಿಲ್ಲ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾದ ಬೆಳ್ಳಿ. ಸುತ್ತ ಕೂತವರು ಬೆರಳಿಂದ ಸವರಿ ನೋಡಿದರು. "ಹದಿನಾಲ್ಕು ತಿಂಗಳು ಇದನ್ನು ಯಾರೂ ಮುಟ್ಟಿಲ್ಲ," ಎಂದು ಅವನು ಹೇಳಿದ.  ಹೆಂಡತಿ ಆ ಹೊತ್ತಿಗೆ ಮನೆಯಲ್ಲಿ, ಹಲಗೆ ಕಾಣದೆ, ಬರಿಯ ಗೋಡೆ ಒರೆಸುತ್ತಿದ್ದಿರಬೇಕು.

ಎಲ್ಲ ಎಷ್ಟು ಸರಳವಾಗಿತ್ತು! ಮರ ಬೆಳ್ಳಿಯ ಬಣ್ಣಕ್ಕೆ ತಿರುಗಲು ಬಿಸಿಲೂ ಬೇಕು, ನೀರೂ ಬೇಕು. ನೀರು ಮೈಮೇಲೆಲ್ಲ ಒಂದೇ ಸಮನೆ ತಾಗಬೇಕು, ಕೊಳೆ ಕೂರಬಾರದು. ಮಳೆ ಹಾಗೆ ಬೀಳುವುದಿಲ್ಲ. ಮಳೆ ತನಗೆ ಬೇಕಾದ ಕಡೆ ಬೀಳುತ್ತದೆ, ಸೂರಿನ ಅಡಿಗೆ ತಲೆ ಹಾಕುವುದಿಲ್ಲ, ಕಿಟಕಿಯ ಮೂಲೆಯಿಂದ ಸೋರುತ್ತದೆ. ಇದನ್ನು ಅವನು ಓದಿದ್ದ, ನೋಡಿದ್ದ, ಇನ್ನೊಬ್ಬರ ಕಟ್ಟಡದ ಬಗ್ಗೆ ಮಾತಾಡುವಾಗ ಬೆರಳು ಮಡಚಿ ಹೇಳಿಯೂ ಇದ್ದ. ಆದರೂ ತನ್ನ ಹಲಗೆಗೆ ಮಾತ್ರ ಮಳೆ ಬಹಳ ನ್ಯಾಯವಾಗಿ ನಡೆದುಕೊಂಡಿತೆಂದು ನಂಬಿದ. ಹೆಂಡತಿಯ ಒದ್ದೆ ಬಟ್ಟೆಯನ್ನು ಪ್ರಕೃತಿ ಎಂದು ತಿಳಿದು ಅದರ ಮೇಲೆ ಒಂದು ಕಲಂ ಬರೆದ: 'ಈ ಮರಕ್ಕೆ ಯಾವ ಆರೈಕೆಯೂ ಬೇಡ. ಹಾಗೆಯೇ ಬಿಡತಕ್ಕದ್ದು.' ಅವಳು ಹಲಗೆ ಒರೆಸುವುದನ್ನು ಹದಿನಾಲ್ಕು ತಿಂಗಳಲ್ಲಿ ಒಂದು ದಿನವೂ ನೋಡಲಿಲ್ಲವೇ? ನೋಡಿರಬೇಕು. ಬೆಳಗ್ಗೆ ಅಲ್ಲೇ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದ. ಅವಳ ಕೈ ಕಣ್ಣ ಮುಂದೆ ಆಡುತ್ತಿದ್ದಾಗ, ಪತ್ರಿಕೆಗೆ ಅಡ್ಡ ಬರಬೇಡ ಎಂದು ಕತ್ತು ಓರೆ ಮಾಡಿದ್ದು ಈಗ ನೆನಪಾಯಿತು. ಬಸ್ಸು ಗಕ್ಕನೆ ನಿಂತು, ಮುಂದಿನ ಸೀಟಿನ ಕಂಬಿಗೆ ಅವನ ಹಣೆ ತಾಗಿತು. ಸರಿಯಾಯಿತು ಎಂದುಕೊಂಡ.

ಜೇಬಿನಲ್ಲಿ ಶಾಲೆಯ ಪ್ರಾಂಶುಪಾಲೆಯ ಕಾಗದ ಇತ್ತು. ಅದನ್ನು ಎಂಟು ಸಲ ಓದಿದ್ದ. ಗೋಡೆ ಕಾಯಿಲೆ ಬಿದ್ದವರ ಹಾಗೆ ಕಾಣುತ್ತಿದೆ. ಮರವನ್ನು ಮುಚ್ಚಿ ಮೇಲೆ ತಗಡು ಹೊದಿಸುವುದೆಂದು ಮಂಡಳಿ ಯೋಚಿಸಿದೆ. 'ಸಾಮಾನ್ಯ ಶುಚಿತ್ವ ಕಟ್ಟಡದವರ ಹೊಣೆ' ಎಂದು ನಿಮ್ಮ ಕಾಗದದ ಕೊನೆಯಲ್ಲಿ ಇದೆ. ನಮ್ಮ ಕಾವಲುಗಾರ ಆರು ವರ್ಷದಲ್ಲಿ ಒಂದು ದಿನವೂ ಗೋಡೆ ತೊಳೆದಿಲ್ಲ. ಆದ್ದರಿಂದ ಅವನನ್ನು ಬಿಡಿಸುವುದೆಂದು ಮಂಡಳಿಯ ಅಭಿಪ್ರಾಯ. ತಾವು ಬಂದು ನೋಡಿ, ತಪ್ಪು ಅವನದೇ ಹೌದೋ ಅಲ್ಲವೋ ಹೇಳಬೇಕು. ಸಾಮಾನ್ಯ ಶುಚಿತ್ವ! ಆ ಸಾಲನ್ನು ಅವನು ಬರೆದದ್ದೂ ಅಲ್ಲ. ಕಚೇರಿಯಿಂದ ಹೋಗುವ ಎಲ್ಲ ಕಾಗದದ ಬಾಲದಲ್ಲಿ, ಬಾಗಿಲಿಗಿರಲಿ ಬಚ್ಚಲಿಗಿರಲಿ, ಅದು ತಾನಾಗಿ ಅಚ್ಚಾಗಿ ಹೋಗುತ್ತಿತ್ತು. ಅದನ್ನು ಈವರೆಗೆ ಯಾರಾದರೂ ಓದಿದ್ದಾರೆಂದೇ ಅವನಿಗೆ ಗೊತ್ತಿರಲಿಲ್ಲ. ಕಚೇರಿಯ ಯಜಮಾನರು ಓದಿ ಹಲ್ಲು ಕಿಸಿದಿದ್ದರು. "ಒಳ್ಳೇದೇ ಆಯ್ತಲ್ರೀ ಮೇಷ್ಟ್ರೇ. ಹೋಗಿ ಹೌದು ಅಂತ ಒಂದು ಮಾತು ಹೇಳಿ ಬನ್ನಿ. ನಮ್ಮ ಕೈ ಚೊಕ್ಕಟ."

ಶಾಲೆಯ ಗೇಟಿನ ಹತ್ತಿರ ಅವನ ಭಾವಮೈದ, ಹೆಂಡತಿಯ ತಮ್ಮ, ಮೋಟಾರು ಬೈಕಿನ ಮೇಲೆ ಕಾಲು ಚಾಚಿಕೊಂಡು ಕಾಯುತ್ತಿದ್ದ. ಈ ಗೋಡೆಗೆ ಹಲಗೆ ಹೊಡೆದ ಗುತ್ತಿಗೆ ಅವನದು. ಈಗ ತಗಡು ಹೊಡೆಯುವ ಗುತ್ತಿಗೆಯೂ ತನಗೇ ಬರುತ್ತದೆ ಎಂಬ ನೆಮ್ಮದಿ ಅವನ ಮುಖದಲ್ಲಿ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಕಂಕುಳಲ್ಲಿ ತಗಡಿನ ಒಂದು ತುಂಡು.

"ಭಾವ, ನೋಡಿ ಇಲ್ಲಿ. ಮರಾನೇ! ನಾರು ಇದೆ, ಗಂಟು ಇದೆ. ಮುಟ್ಟಿದ್ರೆ ಮಾತ್ರ ತಣ್ಣಗೆ."

ಅವನು ತುಂಡನ್ನು ಕೈಗೆ ತೆಗೆದುಕೊಂಡ. ಮರದ ಚಿತ್ರ ಅಚ್ಚು ಹಾಕಿದ ತಗಡು. ಗಂಟು ಬಹಳ ಮುದ್ದಾಗಿತ್ತು. ಒಂದು ಗೇಣು ಬಿಟ್ಟು ಅದೇ ಗಂಟು ಮತ್ತೆ ಇತ್ತು, ಇನ್ನೊಂದು ಗೇಣು ಬಿಟ್ಟು ಮತ್ತೆ ಅದೇ. "ಇದ್ಯಾವ ಮರನಯ್ಯಾ, ಗೇಣಿಗೊಂದು ಸಲ ಒಂದೇ ಕಡೆ ಕೊಂಬೆ ಬಿಟ್ಟಿರೋದು? ಮರನೋ, ಲೆಕ್ಕದ ಮೇಷ್ಟ್ರೋ?"

"ನಿಮಗೆ ಎಲ್ಲಾದ್ರಲ್ಲೂ ಕೊಂಕು. ಬಿಡಿ. ಒಳಗೆ ಹೋದ್ಮೇಲೆ ಒಂದೇ ಮಾತು ಹೇಳಿ: ಆ ತಾತಂಗೆ ನಾನು ಬಾಯಲ್ಲಿ ಹೇಳಿದ್ದೆ, ತೊಳಿ ಅಂತ. ಅವನು ತೊಳೀಲಿಲ್ಲ. ಮುಗೀತು. ನಿಮ್ಮ ಮರದ ಮಾನನೂ ಉಳೀತು, ನಿಮ್ಮ ಮಾನನೂ ಉಳೀತು."

"ನಾನು ಹೇಳಿಲ್ವಲ್ಲೋ."

"ಹೇಳಿದ್ರೆ ಏನಾಗ್ತಿತ್ತು? ಹೇಳ್ದಂಗೇ ಅಂದ್ಕೊಳ್ಳಿ."

ವಿಷಯ ಹೇಳಿರಲಿಲ್ಲ ಎಂಬಷ್ಟಕ್ಕೇ ಮುಗಿಯುತ್ತಿರಲಿಲ್ಲ. ಕಟ್ಟಡ ಮುಗಿದ ಎರಡನೇ ವರ್ಷ, ಯಾವುದೋ ಕೆಲಸಕ್ಕೆ ಈ ಬೀದಿಯಲ್ಲಿ ಹೋಗುತ್ತಿದ್ದವನು, ತನ್ನ ಗೋಡೆಯನ್ನು ಒಂದು ಸಲ ಕಣ್ತುಂಬ ನೋಡಿ ಹೋಗೋಣವೆಂದು ಒಳಗೆ ಬಂದಿದ್ದ. ಕಾವಲುಗಾರ, ಸೊಂಟಕ್ಕೆ ಕಟ್ಟಿಕೊಂಡ ದೊಡ್ಡ ಗೊಂಚಲಿನಿಂದಾಗಿ ಮಕ್ಕಳೆಲ್ಲ ಕೀಲಿ ತಾತ ಎಂದು ಕರೆಯುವ ಮನುಷ್ಯ, ಬಕೆಟ್ಟು ಇಟ್ಟುಕೊಂಡು, ಪ್ಯಾಂಟು ಮೊಣಕಾಲವರೆಗೆ ಮಡಚಿ, ಬ್ರಷ್ಷಿನಿಂದ ಹಲಗೆ ತಿಕ್ಕುತ್ತಿದ್ದ. ಇವನು ಗೇಟಿನಿಂದಲೇ ಕೂಗಿದ. ಏನು ಕೂಗಿದ ಎಂಬುದು ಅಕ್ಷರ ಅಕ್ಷರ ನೆನಪಿದೆ. ಯಾರಯ್ಯ ನಿಂಗೆ ಮುಟ್ಟು ಅಂದಿದ್ದು? ಅದು ಪಾತ್ರೆ ಅನ್ಕೊಂಡ್ಯಾ ತಿಕ್ಕಕ್ಕೆ? ಬಿಡು ಅದನ್ನ, ಅದರ ಪಾಡಿಗೆ ಬಿಡು! ಕಿಟಕಿಗಳಲ್ಲಿ ಮಕ್ಕಳ ತಲೆಗಳು ಸಾಲಾಗಿ ಎದ್ದವು. ಒಳಗೆ ಯಾವುದೋ ಪಿಟೀಲು ಅರ್ಧಕ್ಕೆ ನಿಂತುಹೋಯಿತು. ತಾತ ಬಕೆಟ್ಟಿನ ನೀರು ಮೋರಿಗೆ ಚೆಲ್ಲಿ, ಬ್ರಷ್ಷನ್ನು ಎರಡು ಸಲ ಕೊಡವಿ, "ಆಯ್ತು ಸಾರ್" ಎಂದಷ್ಟೇ ಅಂದ. ಅವತ್ತು ಮನೆಗೆ ಹೋಗಿ ಅವನು ಇದನ್ನು ಹೆಂಡತಿಗೆ ತಮಾಷೆಯಾಗಿ ಹೇಳಿದ್ದ, ಜನಕ್ಕೆ ಸುಮ್ಮನಿರೋದು ಗೊತ್ತಿಲ್ಲ ಎಂದು. ಅವಳು ಆಗ ಕನ್ನಡಕ ಒರೆಸುತ್ತಿದ್ದಳೋ ಏನೋ.

ಗೋಡೆಯ ಮುಂದೆ ಈಗ ನಿಂತ. ಹಲಗೆಗಳನ್ನು ನೆಟ್ಟಗೆ, ಸೂರಿನಿಂದ ನೆಲದ ಹತ್ತಿರದವರೆಗೆ ಹೊಡೆದಿದ್ದರು. ಸೂರಿನ ಅಡಿಯಲ್ಲಿ ಎರಡಡಿ ಮರ ಮೊದಲ ದಿನದ ಹಾಗೆ ಕಂದು ಬಣ್ಣಕ್ಕೇ ಇತ್ತು, ಟೋಪಿ ತೆಗೆದವನ ಹಣೆಯ ಹಾಗೆ. ಅದರ ಕೆಳಗೆ ಬೂದಿ, ಬೂದಿಯ ನಡುವೆ ಕಪ್ಪು ಮಚ್ಚೆ, ಬಿಸಿಲು ಬೀಳದ ಮೂಲೆಯಲ್ಲಿ ಪೂರಾ ಬೂಷ್ಟು. ಪ್ರತಿ ಕಿಟಕಿಯ ಎರಡು ಮೂಲೆಯಿಂದಲೂ ನೀರು ಇಳಿದು ಎರಡು ಕರೀ ಗೆರೆ. ಹನ್ನೆರಡು ಕಿಟಕಿಗೆ ಹನ್ನೆರಡು ಜೋತುಬಿದ್ದ ಮೀಸೆ. ಮಕ್ಕಳು ಇದನ್ನು ಮೀಸೆ ಸ್ಕೂಲು ಎನ್ನುತ್ತಾರೆಂದು ಭಾವಮೈದ ಗೇಟಿನಿಂದ ಒಳಗೆ ಬರುವಾಗಲೇ ಹೇಳಿ ನಕ್ಕಿದ್ದ. ನಗು ಬರುವಂಥದೇ. ಬೇರೆಯವರ ಕಟ್ಟಡವಾಗಿದ್ದರೆ ಅವನೇ ಆ ಹೆಸರು ಇಟ್ಟಿರುತ್ತಿದ್ದ. ಚೀಲದಿಂದ ದಬ್ಬಳ ತೆಗೆದು, ಮೊಣಕಾಲೂರಿ, ಹಲಗೆಯ ಕೆಳ ತುದಿಗೆ ಚುಚ್ಚಿದ. ಮರ ಕೊಳೆತಿದ್ದರೆ ಬೆಣ್ಣೆಯಲ್ಲಿ ಹೋದ ಹಾಗೆ ಹೋಗಬೇಕು. ಹೋಗಲಿಲ್ಲ. ಇನ್ನೊಂದು ಕಡೆ ಚುಚ್ಚಿದ. ಅಲ್ಲೂ ಇಲ್ಲ. ಸಂದಿನಲ್ಲಿ ಗಾಳಿ ಆಡುತ್ತಿತ್ತು, ಸ್ಕ್ರೂಗಳು ಹೊಸದರ ಹಾಗಿದ್ದವು. ಒಳಗೆ ಮರ ಗಟ್ಟಿಮುಟ್ಟು, ಏನೂ ಆಗಿಲ್ಲ. ಮುಖ ತೊಳೆಯದೆ ಆರು ವರ್ಷ ಬೀದಿಯಲ್ಲಿ ನಿಂತಿತ್ತು, ಅಷ್ಟೆ.  ಎದ್ದು ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಲಗೆಯ ಮೇಲೆ ಅಂಗೈ ಇಟ್ಟ. ಅಂಗೈ ಕಪ್ಪಾಯಿತು.

"ಮಾತಾಡಿಸಿದ್ರಾ? ಏನಂತೆ?" ಹಿಂದಿನಿಂದ ಪ್ರಾಂಶುಪಾಲೆಯ ದನಿ. ಎತ್ತರದ ಹೆಂಗಸು, ಹಾಡು ಕಲಿಸಿ ಕಲಿಸಿ, ಮಾತನ್ನೂ ಕೊನೆಯವರೆಗೆ ಉಸಿರು ಬಿಡದೆ ಆಡುವವಳು. ಕೈಯಲ್ಲಿ ಅವನ ಮಾದರಿ ಹಲಗೆ. ಅದನ್ನು ಅವಳು ತನ್ನ ಕೋಣೆಯಲ್ಲಿ, ದೊಡ್ಡವರ ಭಾವಚಿತ್ರದ ಹಾಗೆ, ಮೊಳೆಗೆ ತೂಗು ಹಾಕಿಕೊಂಡಿದ್ದಳು. ಹಲಗೆಯನ್ನು ತಂದು ಗೋಡೆಗೆ ಒರಗಿಸಿ ಹಿಡಿದಳು. ಬೆಳ್ಳಿ, ಅದರ ಸುತ್ತ ಮೀಸೆ.   ಎರಡು ಹೆಜ್ಜೆ ಹಿಂದೆ ಕೀಲಿ ತಾತ ನಿಂತಿದ್ದ, ಕೈ ಹಿಂದಕ್ಕೆ ಕಟ್ಟಿ, ತನ್ನದಲ್ಲದ ಮದುವೆಗೆ ಬಂದವನ ಹಾಗೆ. ಆರು ವರ್ಷಕ್ಕೆ ಸ್ವಲ್ಪ ಬಾಗಿದ್ದ. ಶಾಲೆಯ ಹಿಂದೆ ಅವನಿಗೆ ಒಂದು ಕೋಣೆ ಕೊಟ್ಟಿದ್ದರು. ಬಿಡಿಸಿದರೆ ಆ ಕೋಣೆಯೂ ಹೋಗುತ್ತದೆ ಎಂಬುದು ಇವನಿಗೆ ಈಗ, ಆ ಸೊಂಟದ ಗೊಂಚಲು ನೋಡಿದಾಗ, ಹೊಳೆಯಿತು. ತಾತನ ಮನೆಯ ಬೀಗದ ಕೈಯೂ ಅದರಲ್ಲೇ ಎಲ್ಲೋ ಇರಬೇಕು.

"ಮರ ಚೆನ್ನಾಗಿದೆ ಮೇಡಂ. ಒಳಗೆ ಕಲ್ಲಿದ್ದಂಗಿದೆ. ತೊಳೆದ್ರೆ ಸರಿ ಹೋಗುತ್ತೆ. ತಗಡು ಬೇಡ."

"ತೊಳೆದ್ರೆ," ಅಂದಳು ಅವಳು. "ನಾನು ಕೇಳಿರೋದೂ ಅದನ್ನೇ. ತೊಳೀಬೇಕಿತ್ತು ಅಂತ ಇವನಿಗೆ ನೀವು ಹೇಳಿದ್ರಾ? ಹೇಳಿದ್ರೆ ತಪ್ಪು ಇವಂದು. ನಾನು ಇವತ್ತೇ ಮಂಡಳಿಗೆ ಬರೀತೀನಿ."

ಭಾವಮೈದ ಕೆಮ್ಮಿದ. ಕೆಮ್ಮಿನಲ್ಲೇ ಹೌದು ಅನ್ನಿ ಎಂಬ ಮಾತು ಇತ್ತು. ಮೇಲಿನ ಕೋಣೆಯಲ್ಲಿ ಯಾರೋ ಪಿಟೀಲಿನ ಮೇಲೆ ಒಂದೇ ಸಾಲನ್ನು ಮತ್ತೆ ಮತ್ತೆ ಹತ್ತಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಜಾರುತ್ತಿದ್ದರು. ಹೌದು ಎನ್ನುವುದು ಎಷ್ಟು ಸಣ್ಣ ಮಾತು. ಕಚೇರಿಯಲ್ಲಿ ಯಜಮಾನರು ಚಹಾ ತರಿಸುತ್ತಾರೆ. ಮರಕ್ಕೆ ಆರೈಕೆ ಬೇಡ ಎಂದು ಅವನು ಬರೆದುಕೊಟ್ಟ ಮೂವತ್ತೋ ನಲವತ್ತೋ ಕಟ್ಟಡಗಳ ಬಗ್ಗೆ ಯಾರೂ ಬಾಯಿ ತೆರೆಯುವುದಿಲ್ಲ. ಹಲಗೆ ಮೇಷ್ಟ್ರು ಹಲಗೆ ಮೇಷ್ಟ್ರಾಗಿಯೇ ಉಳಿಯುತ್ತಾನೆ. ಇಲ್ಲ ಎಂದರೆ ಆ ಎಲ್ಲ ಕಲಮುಗಳೂ ಒಂದೊಂದಾಗಿ ಮೀಸೆ ಬಿಟ್ಟುಕೊಂಡು ಎದುರಿಗೆ ಬಂದು ನಿಲ್ಲುತ್ತವೆ. ಹೌದು ಎಂದುಬಿಡೋಣ, ಆಮೇಲೆ ತಾತನಿಗೆ ಬೇರೆ ಕಡೆ ಎಲ್ಲಾದರೂ ಕೆಲಸ ಹುಡುಕಿಕೊಡೋಣ ಎಂದು ಅವನ ತಲೆ ಆಗಲೇ ಒಳ್ಳೆಯತನದ ಒಂದು ಸಂಚು ಹೂಡತೊಡಗಿತ್ತು. ಬಾಯಿ ತೆರೆದ. ಹೌದು ಎನ್ನಲು ತೆರೆದ ಬಾಯಿಯಿಂದ ಹೊರಬಂದದ್ದು ಮಾತ್ರ ಬೇರೆಯೇ, ಅದೂ ಜಗಳಕ್ಕೆ ನಿಂತವನ ದನಿಯಲ್ಲಿ.

"ಆ ಹಲಗೆನ ನನ್ನ ಹೆಂಡ್ತಿ ಒರೆಸ್ತಿದ್ಲು!"

ಪ್ರಾಂಶುಪಾಲೆ ಕೈಯಲ್ಲಿದ್ದ ಹಲಗೆ ನೋಡಿದಳು, ಅವನನ್ನು ನೋಡಿದಳು. "ಯಾರು?"

"ನನ್ನ ಹೆಂಡ್ತಿ. ಒದ್ದೆ ಬಟ್ಟೆಲಿ. ಹದಿನಾಲ್ಕು ತಿಂಗಳು. ನಂಗೆ ಗೊತ್ತಿರಲಿಲ್ಲ, ಇವತ್ತು ಬೆಳಗ್ಗೆ ಗೊತ್ತಾಗಿದ್ದು. ಯಾರೂ ಮುಟ್ಟಿಲ್ಲ ಅಂತ ನಿಮಗೆ ಹೇಳಿದ್ನಲ್ಲ, ಅದು ಸುಳ್ಳು. ನನಗೇ ಗೊತ್ತಿಲ್ಲದ ಸುಳ್ಳು."

"ದಿನಾ ಒರೆಸ್ತಿದ್ರಾ?"

"ಭಾನುವಾರ ಬಿಟ್ಟು."

"ಪಾಪ, ಒಂದು ದಿನನಾದ್ರೂ ರಜೆ ತಗೋತಿದ್ರಲ್ಲ," ಅಂದಳು ಅವಳು. ಭಾವಮೈದ ತಗಡಿನ ತುಂಡಿನ ಹಿಂದೆ ಮುಖ ಮುಚ್ಚಿಕೊಂಡ, ತಗಡು ಅಲುಗಾಡುತ್ತಿತ್ತು. ಅಕ್ಕನ ಕೆಲಸ ಇಷ್ಟು ದೂರ ಬಂದು ಸಾಕ್ಷಿ ಹೇಳುತ್ತದೆಂದು ಅವನು ಎಣಿಸಿರಲಿಲ್ಲ. ಇವನಿಗೆ ಕಿವಿಯವರೆಗೆ ಬಿಸಿ ಏರಿತು. ಮಾತು ಶುರುವಾದ ಮೇಲೆ ನಿಲ್ಲಿಸುವುದು ಅವನಿಗೆ ಎಂದೂ ಬಂದದ್ದಿಲ್ಲ, ಬೈಗುಳವಾಗಲಿ, ಬೇರೆ ಏನಾಗಲಿ. "ಇನ್ನೂ ಇದೆ ಮೇಡಂ. ಇವರು ತೊಳೀತಿದ್ರು. ಎರಡನೇ ವರ್ಷ, ನಾನೇ ಕಣ್ಣಾರೆ ನೋಡ್ದೆ. ನಾನೇ ಬೈದು ಬಿಡಿಸ್ದೆ. ಮಕ್ಕಳೆಲ್ಲ ನೋಡ್ತಿದ್ರು. ಪಾತ್ರೆ ಅನ್ಕೊಂಡ್ಯಾ ಅಂತೆಲ್ಲ ಅಂದೆ. ತಪ್ಪು ಅಂತ ಬರೀಬೇಕಾದ್ರೆ ನನ್ನ ಹೆಸರು ಬರೀರಿ. ಬಿಡಿಸೋದಿದ್ರೆ ನನ್ನನ್ನ ಬಿಡಿಸಿ, ನಿಮ್ಮ ಕೈಲಾದ್ರೆ."

ಪಿಟೀಲು ಮತ್ತೆ ಜಾರಿತು. ಪ್ರಾಂಶುಪಾಲೆ ಕಣ್ಣು ಮುಚ್ಚಿ, ಅದು ಸರಿಹೋಗುತ್ತದೋ ಎಂದು ಒಂದು ಕ್ಷಣ ಕಾದು, ಆಗಲಿಲ್ಲವೆಂದು ಕಣ್ಣು ತೆರೆದಳು. "ತಾತ, ನೀನ್ಯಾಕೋ ಇದನ್ನ ಹೇಳ್ಲಿಲ್ಲ? ವಾರದಿಂದ ಕೇಳ್ತಿದ್ದೀನಿ."

"ಏನಂತ ಹೇಳ್ಲಿ ಅಮ್ಮ? ಬೈಸ್ಕೊಂಡೆ ಅಂತನಾ?" ತಾತ ಗೊಂಚಲನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಸರಿಸಿದ. "ಸಾರ್ ಓದಿದೋರು. ಮುಟ್ಟಬೇಡ ಅಂದ್ರು. ಮುಟ್ಟಲಿಲ್ಲ." ಆಮೇಲೆ ನೆಲ ನೋಡುತ್ತ, ಕದ್ದದ್ದನ್ನು ಒಪ್ಪಿಕೊಳ್ಳುವವನ ಹಾಗೆ, "ಒಂದು ನಾಲ್ಕು ಮಾತ್ರ ಮುಟ್ಟಿದೀನಿ," ಅಂದ.

ಎಲ್ಲರೂ ಅವನ ಹಿಂದೆ ಕಟ್ಟಡ ಸುತ್ತಿಕೊಂಡು ಹೋದರು. ಬೆಳಗಿನ ಎಳೆ ಬಿಸಿಲು ಮಾತ್ರ ಬೀಳುವ ಹಿಂಬದಿ, ನೀರಿನ ಟ್ಯಾಂಕಿನ ಮರೆ, ತಾತನ ಕೋಣೆಯ ಬಾಗಿಲು. ಬಾಗಿಲ ಪಕ್ಕದ ಹಲಗೆಗಳಿಗೆ ಒಗೆದ ಅಂಗಿ ತಾಗಿ ಮಸಿ ಹತ್ತುತ್ತಿತ್ತಂತೆ. ಅದಕ್ಕೆ ಆ ನಾಲ್ಕನ್ನು ಮಾತ್ರ, ಓದಿದವರಿಗೆ ಕಾಣದ ಜಾಗವೆಂದು, ತಿಂಗಳಿಗೊಮ್ಮೆ ತೊಳೆಯುತ್ತಿದ್ದನಂತೆ. ನಾಲ್ಕು ವರ್ಷದಿಂದ. ಎಡಕ್ಕೂ ಬಲಕ್ಕೂ ಬೂಷ್ಟು ಹಿಡಿದು ಕರ್ರಗಾದ ಗೋಡೆ, ನಡುವೆ ಸೂರಿನಿಂದ ಕೆಳಗಿನವರೆಗೆ ನಾಲ್ಕು ಹಲಗೆ. ಬೆಳ್ಳಿ ಎಂದರೆ ಸುಳ್ಳಾಗುತ್ತದೆ; ಬೆಳ್ಳಿಗೆ ಇಷ್ಟು ಶಾಂತಿ ಇರುವುದಿಲ್ಲ. ಸೂರಿನ ಅಡಿಯ ಕಂದು ಹಣೆಯೂ ಇಲ್ಲ, ಮೀಸೆಯೂ ಇಲ್ಲ. ಪ್ರಾಂಶುಪಾಲೆ ಮಾದರಿ ಹಲಗೆಯನ್ನು ಪಕ್ಕಕ್ಕೆ ಹಿಡಿದಳು. ಹಲಗೆ ಸ್ವಲ್ಪ ಮಂಕಾಗಿ ಕಂಡಿತು. ಇಡೀ ಬಾಳಿನಲ್ಲಿ ಅವನು ಬರೆದ ಗೋಡೆಗಳಲ್ಲಿ, ತಾನು ಕಂಡ ಕನಸಿನ ಹಾಗೆಯೇ ಆದದ್ದು ಇದೊಂದೇ, ನಾಲ್ಕು ಹಲಗೆ ಅಗಲ, ಅದೂ ತನ್ನ ಮಾತು ಮೀರಿದವನ ಕೈಯಿಂದ. ಖುಷಿಪಡಬೇಕೋ, ಮುಖ ಮುಚ್ಚಿಕೊಳ್ಳಬೇಕೋ ತಿಳಿಯದೆ, ಕಪ್ಪಾದ ಅಂಗೈಯಿಂದ ಹಣೆ ಒರೆಸಿಕೊಂಡ. ಈಗ ಅವನಿಗೂ ಒಂದು ಗೆರೆ ಬಿತ್ತು.

"ಹಾಗಾದ್ರೆ ತೊಳೆದ್ರೆ ಉಳಿಯುತ್ತೆ," ಎಂದಳು ಪ್ರಾಂಶುಪಾಲೆ.

"ಉಳಿಯುತ್ತೆ ಮೇಡಂ."

"ತಗಡು ಬೇಡ ಅಂತ ನಾನು ಮಂಡಳಿಗೆ ಹೇಳ್ಬಲ್ಲೆ. ಆದ್ರೆ ಒಂದು ಹಲಗೆಗೆ ಎಷ್ಟು ಹೊತ್ತು ಬೇಕು ಅಂತ ಅವರು ಕೇಳ್ತಾರೆ. ಈಗಲೇ ಒಂದನ್ನ ತೊಳೆದು ತೋರಿಸಿ."

"ತಾತ, ಬಕೆಟ್ಟು…" ಎಂದು ಅವನು ತಿರುಗುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿದಳು. "ಅವನಲ್ಲ. ಅವನಿಗೆ ಬರುತ್ತೆ ಅಂತ ನೋಡಾಯ್ತಲ್ಲ. ನೀವು."

ಅಂಗಿಯ ತೋಳು ಮಡಚುವಾಗ ಅವನಿಗೆ ಭಾವಮೈದನ ಕಡೆ ನೋಡುವ ಧೈರ್ಯ ಬರಲಿಲ್ಲ. ಏಣಿ ಹಿಡಿಯಲು ಮಾತ್ರ ಅವನೇ ಬಂದ. ಗುತ್ತಿಗೆ ಕೈ ತಪ್ಪಿದ ದುಃಖದಲ್ಲೂ ಅವನ ಹೊಟ್ಟೆ ನಗುವಿಗೆ ಕುಲುಕುವುದು ಏಣಿಯ ಮೂಲಕ ಕಾಲಿಗೆ ತಿಳಿಯುತ್ತಿತ್ತು. "ಭದ್ರ ಭಾವ. ಬಿದ್ದುಬಿಟ್ರೆ ಅಕ್ಕಂಗೆ ಒರೆಸಕ್ಕೆ ಇನ್ನೊಂದು ಕೆಲಸ." ಬ್ರಷ್ಷನ್ನು ನೀರಿಗೆ ಅದ್ದಿ, ಮೇಲಿನ ತುದಿಗೆ ಕೈ ಚಾಚಿದ. ಮೊದಲ ಎಳೆತಕ್ಕೇ ಕಪ್ಪು ನೀರು ತೋಳಿನೊಳಗೆ ಇಳಿದು ಕಂಕುಳಕ್ಕೆ ಬಂತು.

"ಸಾರ್, ಮೇಲಿಂದ ಅಲ್ಲ," ಎಂದ ತಾತ ಕೆಳಗಿನಿಂದ. "ಕೆಳಗಿಂದ ಮೇಲಕ್ಕೆ ಹೋಗಿ. ಮೇಲಿಂದ ಮಾಡಿದ್ರೆ ಕೊಳೆ ಒಣ ಮರದ ಮೇಲೆ ಇಳಿದು ಗೆರೆ ಕೂತ್ಬಿಡುತ್ತೆ. ಮೊದ್ಲು ಎಲ್ಲಾ ಒದ್ದೆ ಮಾಡ್ಕೊಬೇಕು."

ಅವನೊಳಗೆ ಸಿಟ್ಟು ಭುಗ್ಗೆಂದಿತು. ಮೂವತ್ತು ವರ್ಷ ಮರದ ಬಗ್ಗೆ ಬರೆದವನಿಗೆ… ಎಂದು ಬಾಯಿಯ ಅಂಚಿನವರೆಗೆ ಬಂದ ಮಾತನ್ನು, ಅಲ್ಲೇ ಕಚ್ಚಿ, ನುಂಗಿದ. ಈ ಒಂದು ಸಾಲು ಅವನ ಯಾವ ಕಲಮಿನಲ್ಲೂ ಇರಲಿಲ್ಲ. ತೊಳೆಯುವುದೇ ಬೇಡವೆಂದವನಿಗೆ ತೊಳೆಯುವ ದಿಕ್ಕು ಎಲ್ಲಿ ಗೊತ್ತಿರುತ್ತದೆ? ಕೆಳಗಿಳಿದ. ಮೊಣಕಾಲೂರಿದ. ಕೆಳಗಿನಿಂದ ಶುರು ಮಾಡಿದ. "ಒತ್ತಬೇಡಿ ಸಾರ್, ನಾರು ಏಳುತ್ತೆ. ಬೆನ್ನು ಉಜ್ಜಿದಂಗೆ." ಬೆನ್ನು ಉಜ್ಜಿದ ಹಾಗೆ ಉಜ್ಜಿದ. "ಹಾಂ. ಈಗ ಬಂತು ಕೈ." ಆ ಹೊಗಳಿಕೆಗೆ ತನ್ನ ಎದೆ ಉಬ್ಬಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಕಿಟಕಿಗಳಲ್ಲಿ ತಲೆಗಳು ಮತ್ತೆ ಸಾಲಾಗಿ ಎದ್ದಿದ್ದವು. ಮೇಲಿನ ಪಿಟೀಲೂ ಕೆಲಸ ಬಿಟ್ಟು ನೋಡಲು ಬಂದಿರಬೇಕು, ಸದ್ದಿರಲಿಲ್ಲ. ಕಪ್ಪು ಇಳಿದು ಹೋದ ಕಡೆ, ಒದ್ದೆಯ ಅಡಿಯಿಂದ, ನಿಧಾನಕ್ಕೆ ಬೂದು ಬಣ್ಣದ ಮರ ಮುಖ ತೋರಿಸಿತು. ಏಣಿ ಹತ್ತಿದ, ಇಳಿದ, ಮತ್ತೆ ಹತ್ತಿದ. ಸೊಂಟ ಹಿಡಿಯಿತು. ಕೊನೆಗೆ ಒಂದು ಬಕೆಟ್ಟು ಚೊಕ್ಕ ನೀರನ್ನು ಮೇಲಿಂದ ಸುರಿದು ಕೆಳಗೆ ಬಂದಾಗ, ಚಪ್ಪಾಳೆ ತಟ್ಟಲೋ ಬೇಡವೋ ಎಂದು ಮಕ್ಕಳು ಪ್ರಾಂಶುಪಾಲೆಯ ಮುಖ ನೋಡುತ್ತಿದ್ದರು.

ಅವಳು ಗಡಿಯಾರ ನೋಡಿದಳು. "ಹದಿನೇಳು ನಿಮಿಷ. ಒಟ್ಟು ಎಷ್ಟು ಹಲಗೆ?"

"ಮುನ್ನೂರ ಹನ್ನೆರಡು," ಎಂದ ಅವನು ಏದುಸಿರು ಬಿಡುತ್ತ. ಅದು ಮಾತ್ರ ಬಾಯಿಪಾಠ.

"ಸರಿ. ತಾತ ಇರ್ತಾನೆ, ಮರನೂ ಇರುತ್ತೆ. ಪ್ರತಿ ತಿಂಗಳು ಮೊದಲ್ನೇ ಶನಿವಾರ ಬೆಳಗ್ಗೆ ಎಂಟಕ್ಕೆ ನೀವೂ ಇರ್ತೀರಿ, ಬ್ರಷ್ಷು ಹಿಡ್ಕೊಂಡು, ಇವನ ಕೈ ಕೆಳಗೆ. ಇವತ್ತೇ ಬರೆದುಕೊಡಿ, ನಿಮ್ಮ ಕಲಂ ಹಾಕಿ. ಒಂದು ತಿಂಗಳು ತಡ ಆದ್ರೂ ತಗಡು."

"ಎಷ್ಟು ತಿಂಗಳು ಮೇಡಂ?"

"ಈ ಮರ ಇರೋವರೆಗೆ," ಎಂದು ಅವಳು ಮಾದರಿ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪಿಟೀಲು ಮತ್ತೆ ಶುರುವಾಯಿತು.

ತಾತ ಬಕೆಟ್ಟನ್ನು ಎರಡನೇ ಹಲಗೆಯ ಮುಂದೆ ತಂದಿಟ್ಟು, ಅವನ ಕಡೆ ನೋಡದೆ, ಪಕ್ಕಕ್ಕೆ ಸರಿದ. ಅವನು ಒದ್ದೆ ಬ್ರಷ್ಷು ಹಿಡಿದು, ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಚೆನ್ನಾಗಿ ನೋಡಿಕೊಂಡರೆ ಈ ಜಾತಿಯ ಮರ ಅರವತ್ತು ವರ್ಷ ಬಾಳುತ್ತದೆ ಎಂದು ಅವನೇ ಬರೆದಿದ್ದ, ಆ ಮಾತು ಮಾತ್ರ ನಿಜ. ಅವನಿಗೀಗ ಐವತ್ತಾರು. ಬಾಳಿನಲ್ಲಿ ಮೊದಲನೇ ಸಲ, ಇನ್ನೂ ಸ್ವಲ್ಪ ಕಳಪೆ ಮರ ಆರಿಸಬಹುದಿತ್ತು ಎಂದುಕೊಳ್ಳುತ್ತ, ಮೊಣಕಾಲೂರಿ, ಕೆಳಗಿನಿಂದ ಶುರು ಮಾಡಿದ.